ತೋಪಿನ ಮುಂದೆ ನಿಂತ ರಾಷ್ಟ್ರಗೀತೆ

ದೇವಳಾಲಿ ಕ್ಯಾಂಪಿನಲ್ಲಿರುವ ನಮ್ಮಕ್ಕನ ಮನೆಯಲ್ಲಿ ಸ್ಟೀಲ್ ಲೋಟಗಳನ್ನು ಒಂದರೊಳಗೊಂದು ಇಡುವಾಗ ನಡುವೆ ಹಳೇ ಪೇಪರಿನ ಚೂರು ಸೇರಿಸುತ್ತಾರೆ. ಫೈರಿಂಗ್ ಇರುವ ದಿನ ಕಪಾಟು ಸಣ್ಣಗೆ ನಡುಗುತ್ತದೆ, ಲೋಟಗಳು ಕಿಣಿಕಿಣಿ ಅನ್ನುತ್ತವೆ, ಅಕ್ಕನಿಗೆ ಆ ಸದ್ದು ಆಗುವುದಿಲ್ಲ. ತೋಪಿನ ಸದ್ದಿಗೆ ಮಾತ್ರ ಆ ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ಭಾರತೀಯ ಸೇನೆಯ ತೋಪಖಾನೆ ಶಾಲೆ ಇರುವ ಊರು ಇದು. ಭಾವ ಅದೇ ತೋಪಖಾನೆಯಲ್ಲಿ ನೌಕರಿ ಮುಗಿಸಿ, ಧಾರವಾಡಕ್ಕೆ ಮರಳದೆ ಇಲ್ಲೇ ನೆಲೆ ನಿಂತವರು. ಅವರ ಎಡಗಿವಿ ಮಂದ. ಬಲಗಿವಿಗೂ ತೀರಾ ತೆಳುವಾದ, ಏರುದನಿಯ ಸದ್ದು ಹತ್ತುವುದಿಲ್ಲ. ಹಾಡು ಕೇಳುವಾಗ ಕೋಳಿಯ ಹಾಗೆ ಕತ್ತು ಓರೆ ಮಾಡಿ ಬಲಗಿವಿ ಮುಂದೆ ಚಾಚುತ್ತಾರೆ.

ಒಮ್ಮೆ ಅವರೇ ನನಗೊಂದು ಲೆಕ್ಕ ಹೇಳಿದ್ದರು. ರಾಷ್ಟ್ರಗೀತೆ 52 ಸೆಕೆಂಡು, ಗೌರವದ ತೋಪು 21. ಜನವರಿ 26ರಂದು ದಿಲ್ಲಿಯಲ್ಲಿ ಬ್ಯಾಂಡಿನ ಮೊದಲ ಸ್ವರಕ್ಕೆ ಮೊದಲ ತೋಪು ಹಾರಬೇಕು, ಕೊನೆಯ ಸ್ವರಕ್ಕೆ ಕೊನೆಯದು. ಹೆಚ್ಚುಕಮ್ಮಿ ಎರಡೂವರೆ ಸೆಕೆಂಡಿಗೊಂದು. ಬಹುಕಾಲ ಇದಕ್ಕೆ ಎರಡನೇ ಮಹಾಯುದ್ಧದ ಜಮಾನಾದ 25 ಪೌಂಡರ್ ತೋಪುಗಳಿದ್ದವು. 2023ರಲ್ಲಿ ದೇಶದಲ್ಲೇ ತಯಾರಾದ 105 ಮಿ.ಮೀ. ತೋಪುಗಳು ಆ ಜಾಗಕ್ಕೆ ಬಂದವು. ಮೈಸೂರು ದಸರೆ ಕಂಡವರಿಗೂ ಇದು ಹೊಸದಲ್ಲ. ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುತ್ತಿದ್ದಂತೆ ಪೊಲೀಸ್ ಬ್ಯಾಂಡು ಜನಗಣಮನ ಎತ್ತಿಕೊಳ್ಳುತ್ತದೆ, ಆಚೆ ಕುಶಾಲತೋಪು ಗುಡುಗುತ್ತದೆ. ಆನೆಗಳು ಬೆದರದಿರಲೆಂದು ಮೊದಲೇ ತಾಲೀಮು ನಡೆದಿರುತ್ತದೆ. ನಮ್ಮ ರಾಷ್ಟ್ರಗೀತೆಗೆ ಪಕ್ಕವಾದ್ಯ ಇಲ್ಲವೆಂದವರು ಯಾರು? ತೋಪು ಇದೆಯಲ್ಲ.

ಆ ಪಕ್ಕವಾದ್ಯ ತೆಗೆದುಬಿಟ್ಟರೆ ಹೇಗಿರುತ್ತದೆ ಎಂಬುದು ಈ ಬರಹದ ಪ್ರಶ್ನೆ. ಬ್ಯಾಂಡೂ ಬೇಡ, ಸಾವಿರ ಕಂಠದ ಸಮೂಹಗಾನವೂ ಬೇಡ. ನಾಲ್ಕು ಮಂದಿ ಒಂದು ಕೋಣೆಯಲ್ಲಿ ಕೂತು ರಾಷ್ಟ್ರಗೀತೆಯೊಂದನ್ನು ಬಿಚ್ಚಿ, ಹಿಗ್ಗಿಸಿ, ತಿರುವಿ ನುಡಿಸಿದರೆ ಅದು ಯುದ್ಧದ ಬಗ್ಗೆ ಏನಾದರೂ ಹೇಳೀತೇ? ಯುರೋಪಿನ ಚೇಂಬರ್ ಸಂಗೀತದಲ್ಲಿ ಈ ಪ್ರಯತ್ನ ಇನ್ನೂರು ವರ್ಷಕ್ಕೂ ಮೀರಿ ನಡೆದಿದೆ. ಚೇಂಬರ್ ಸಂಗೀತವೆಂದರೇನೆಂದು ಧಾರವಾಡದ ಕಡೆಯವರಿಗೆ ವಿವರಿಸಬೇಕಿಲ್ಲ, ಬೈಠಕ್ ಅಂದರೆ ಸಾಕು. ಎದುರು ಕೂತವನಿಗೆ ಗಾಯಕ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಬ್ಯಾಂಡಿನಲ್ಲಿ ಒಬ್ಬನ ಸ್ವರ ತಪ್ಪಿದರೆ ಇನ್ನೊಬ್ಬನ ಕಹಳೆ ಮುಚ್ಚಿಹಾಕುತ್ತದೆ. ಬೈಠಕ್ಕಿನಲ್ಲಿ ಅಡಗಲಿಕ್ಕೆ ಜಾಗವಿಲ್ಲ.

ಈ ಕತೆ ಯುದ್ಧದಲ್ಲೇ ಹುಟ್ಟಿದ್ದು. ನೆಪೋಲಿಯನ್ನನ ಸೇನೆ ಆಸ್ಟ್ರಿಯಾವನ್ನು ಅರೆಯುತ್ತಿದ್ದ ಕಾಲ. ಇಂಗ್ಲೆಂಡಿನವರಿಗೆ ಅರಸನಿಗಾಗಿ ಹಾಡಲು ಒಂದು ಹಾಡಿದೆ, ನಮಗಿಲ್ಲ ಎಂಬ ಕೊರತೆ ಲಂಡನ್ ಕಂಡು ಬಂದ ಜೋಸೆಫ್ ಹೈಡನ್‌ಗಿತ್ತು. ಚಕ್ರವರ್ತಿ ಫ್ರಾನ್ಸಿಸ್‌ನ ಹುಟ್ಟುಹಬ್ಬದ ದಿನ, 1797ರ ಫೆಬ್ರವರಿ 12ರಂದು, ಹೈಡನ್ ಕಟ್ಟಿಕೊಟ್ಟ ಪ್ರಾರ್ಥನೆಯನ್ನು ವಿಯೆನ್ನಾದ ಜನ ಹಾಡಿದರು. ಅದೇ ವರ್ಷ ಆತ ಆ ಮಟ್ಟನ್ನು ತನ್ನ 76ನೇ ಕೃತಿಸಂಖ್ಯೆಯ ಮೂರನೇ ಕ್ವಾರ್ಟೆಟ್‌ನ ಎರಡನೇ ಭಾಗವಾಗಿಸಿದ. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ. ಹಾಡನ್ನು ಒಮ್ಮೆ ಸರಳವಾಗಿ ನುಡಿಸಿದ ಮೇಲೆ ನಾಲ್ಕು ಸುತ್ತು. ಆ ನಾಲ್ಕೂ ಸುತ್ತಿನಲ್ಲಿ ಮಟ್ಟು ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಕೈ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿ ಎರಡನೇ ಪಿಟೀಲು ಹಾಡುತ್ತಿದ್ದರೆ ಮೊದಲ ಪಿಟೀಲು ಮಾತ್ರ ಅದರ ಸುತ್ತ ಸುಳಿದಾಡುತ್ತದೆ, ಉಳಿದಿಬ್ಬರು ಸುಮ್ಮನೆ ಕೂತಿರುತ್ತಾರೆ. ಆಮೇಲೆ ಚೆಲ್ಲೊ, ಆಮೇಲೆ ವಿಯೋಲ, ಕೊನೆಗೆ ಮೊದಲ ಪಿಟೀಲು. ಸುತ್ತಿನಿಂದ ಸುತ್ತಿಗೆ ಹಿನ್ನೆಲೆಯ ನೆರಳು ಮಾತ್ರ ದಟ್ಟವಾಗುತ್ತ ಹೋಗುತ್ತದೆ.

ಇದನ್ನು ಯುದ್ಧದ ವ್ಯಾಖ್ಯಾನ ಅನ್ನಬಹುದೇ? ಹೈಡನ್ ಹಾಗೆ ಅಂದುಕೊಂಡಿರಲಾರ, ಆತ ರಾಜನಿಷ್ಠ. ಆದರೆ 1809ರ ಮೇ ತಿಂಗಳಲ್ಲಿ ಫ್ರೆಂಚ್ ತೋಪುಗಳು ವಿಯೆನ್ನಾಕ್ಕೇ ಬಂದು ಹಾರತೊಡಗಿದವು. 77ರ ಹೈಡನ್ ಹಾಸಿಗೆ ಹಿಡಿದಿದ್ದ. ದಿನವೂ ತನ್ನನ್ನು ಪಿಯಾನೊದ ತನಕ ಎತ್ತಿಸಿಕೊಂಡು ಹೋಗಿ ಆ ಹಾಡನ್ನು ನುಡಿಸುತ್ತಿದ್ದ. ಮೇ 26ರಂದು ಮೂರು ಸಲ ನುಡಿಸಿದ, 31ರಂದು ತೀರಿಕೊಂಡ. ಬೀದಿಯಲ್ಲಿ ಶತ್ರು ಪಹರೆ, ಒಳಗೆ ಒಬ್ಬ ಮುದುಕ ತನ್ನ ದೇಶದ ಹಾಡನ್ನು ತನ್ನೊಬ್ಬನಿಗಾಗಿ ನುಡಿಸಿಕೊಳ್ಳುತ್ತಿದ್ದಾನೆ. ಆ ಹಾಡು ಆ ಹೊತ್ತಿಗೆ ಪೂರಾ ಬೇರೆಯದೇ ಆಗಿತ್ತು ಅನ್ನುವುದು ನನ್ನ ಅನಿಸಿಕೆ. ಒಂದು ಸ್ವರವೂ ಬದಲಾಗದೆ.

ಹಾಡನ್ನು ಬದಲಿಸಿ ಯುದ್ಧದ ಬಗ್ಗೆ ಮಾತಾಡಿದವರ ಸಾಲು ದೊಡ್ಡದು, ಆದರೆ ಅದರಲ್ಲಿ ಜೊಳ್ಳೇ ಹೆಚ್ಚು. ಬಹುಪಾಲು ಜನ ಮುರಿದದ್ದು ಶತ್ರುವಿನ ಹಾಡನ್ನು. ಬೀಥೋವನ್ 1813ರಲ್ಲಿ ವೆಲಿಂಗ್ಟನ್ನನ ಗೆಲುವಿಗಾಗಿ ಬರೆದ ದೊಡ್ಡ ಗದ್ದಲದ ಕೃತಿಯಲ್ಲಿ ಇಂಗ್ಲಿಷರಿಗೆ ಅವರ ರಾಷ್ಟ್ರಗೀತೆ, ಫ್ರೆಂಚರಿಗೆ ಮಾಲ್‌ಬ್ರೂಕ್ ಎಂಬ ಲಾವಣಿ ಮಟ್ಟು. (ನಮ್ಮ ಕ್ಲಬ್ಬುಗಳಲ್ಲಿ ಬೀಳ್ಕೊಡುಗೆ ಪಾರ್ಟಿಗೆ ಜಾಲಿ ಗುಡ್ ಫೆಲೋ ಎಂದು ಹಾಡುತ್ತಾರಲ್ಲ, ಅದೇ ಮಟ್ಟು.) ಫ್ರೆಂಚರು ಸೋತಾಗ ಅದು ಕೋಮಲ ಸ್ವರಗಳಿಗೆ ಇಳಿದು ಕುಂಟುತ್ತ ಹಿಂದೆ ಸರಿಯುತ್ತದೆ. ಕೇಳಿದವರು ಚಪ್ಪಾಳೆ ತಟ್ಟಿದರು. ಚೈಕೋವ್‌ಸ್ಕಿಯ 1812 ಓವರ್ಚರ್‌ನಲ್ಲಿ ನಿಜವಾದ ತೋಪನ್ನೇ ಸ್ವರಲಿಪಿಯೊಳಗೆ ಬರೆದು ಮಾರ್ಸೆಯೇಸ್ ಅನ್ನು ಉರುಳಿಸಲಾಗಿದೆ. ತಮಾಷೆಯೆಂದರೆ 1812ರಲ್ಲಿ ಮಾರ್ಸೆಯೇಸ್ ಫ್ರಾನ್ಸಿನ ರಾಷ್ಟ್ರಗೀತೆಯಾಗಿ ಉಳಿದಿರಲಿಲ್ಲ, ಅದನ್ನು ಸೋಲಿಸುವ ರಷ್ಯದ ಗೀತೆ ಬಂದದ್ದೇ 1833ರಲ್ಲಿ. ಹಂಗೇರಿಯ ತರುಣ ಬಾರ್ಟೋಕ್ ತನ್ನ ಕೊಶುತ್ ಕೃತಿಯಲ್ಲಿ ಹೈಡನ್‌ನ ಅದೇ ಆಸ್ಟ್ರಿಯನ್ ಗೀತೆಯನ್ನು ವಿಕಾರಗೊಳಿಸಿದ. 1904ರ ಜನವರಿಯಲ್ಲಿ ಬುಡಾಪೆಸ್ಟಿನ ಮೊದಲ ಪ್ರದರ್ಶನದ ಹೊತ್ತಿಗೆ ವಾದ್ಯವೃಂದದ ಕೆಲ ಆಸ್ಟ್ರಿಯನ್ನರು ಅದನ್ನು ನುಡಿಸುವುದಿಲ್ಲವೆಂದು ತಕರಾರು ತೆಗೆದರು.

ಇವೆಲ್ಲ ಯುದ್ಧದ ಮುಂದುವರಿಕೆ, ವ್ಯಾಖ್ಯಾನ ಅಲ್ಲ. ಎದುರಾಳಿಯ ಹಾಡನ್ನು ಕುಂಟಿಸುವುದಕ್ಕೆ ಧೈರ್ಯವೇನೂ ಬೇಕಿಲ್ಲ.

ಫ್ರಾನ್ಸಿನ ಡೆಬ್ಯುಸ್ಸಿಯದು ನಡುವಿನ ಸ್ಥಿತಿ. 1915ರಲ್ಲಿ, ಕ್ಯಾನ್ಸರಿನಿಂದ ನವೆಯುತ್ತಿದ್ದಾಗ, ಎರಡು ಪಿಯಾನೊಗಳಿಗೆ ಬರೆದ ಬಿಳಿ ಮತ್ತು ಕಪ್ಪಿನಲ್ಲಿ ಎಂಬ ಕೃತಿಯ ಎರಡನೇ ಭಾಗವನ್ನು ಆ ಮಾರ್ಚ್ 3ರಂದು ಯುದ್ಧದಲ್ಲಿ ಸತ್ತ ಲೆಫ್ಟಿನೆಂಟ್ ಜಾಕ್ ಶಾರ್ಲೋ ಹೆಸರಿಗೆ ಅರ್ಪಿಸಿದ. ಅದರಲ್ಲಿ ಜರ್ಮನರ ಪರವಾಗಿ ಲೂಥರನ ಭಜನೆ ಭಾರವಾದ ಬೂಟು ಹಾಕಿಕೊಂಡು ಬರುತ್ತದೆ. ಎದುರಿಗೆ ಮಾರ್ಸೆಯೇಸ್ ನೆನಪಿಸುವ ಒಂದು ಸುಳುಹು. ಪೂರ್ತಿ ಹಾಡಲ್ಲ, ದೂರದಿಂದ ಯಾರೋ ಗುನುಗಿದ ಹಾಗೆ. ಪಕ್ಷಪಾತ ಇದ್ದೇ ಇದೆ. ಆದರೂ ತನ್ನ ದೇಶದ ಹಾಡನ್ನು ಎದೆ ತಟ್ಟಿ ಹಾಡದೆ ಅಷ್ಟು ದೂರದಲ್ಲಿ ನಿಲ್ಲಿಸಿದ್ದು ನನಗೆ ಹಿಡಿಸುತ್ತದೆ.

ಈಗ ಈ ಇಡೀ ಪ್ರಶ್ನೆಯ ನಡುಮನೆಗೆ ಬರೋಣ. ಸಂಗೀತ ರಚನಕಾರ ವಿಕ್ಟರ್ ಉಲ್ಮನ್ 1898ರಲ್ಲಿ ಆಸ್ಟ್ರಿಯನ್ ಸಾಮ್ರಾಜ್ಯದಲ್ಲಿ ಹುಟ್ಟಿದವನು, ಮೂಲತಃ ಯಹೂದಿ ಮನೆತನ, ತಂದೆ ಸೇನಾಧಿಕಾರಿ. ಮೊದಲ ಮಹಾಯುದ್ಧದಲ್ಲಿ ಇಟಲಿಯ ಎದುರು ಇಸೊಂಜೊ ರಂಗದಲ್ಲಿ ಹೋರಾಡಿದ. ಯಾವ ದಳ? ತೋಪಖಾನೆ. ಇದನ್ನು ಹೇಳಿದಾಗ ಭಾವ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದರು. ಆ ಯುದ್ಧದಲ್ಲಿ ಉಲ್ಮನ್ ಅಟೆನ್ಷನ್‌ನಲ್ಲಿ ನಿಂತು ಕೇಳಿದ ಗೀತೆ ಹೈಡನ್‌ನದು, ಅದು ಅವನದೇ ಚಕ್ರವರ್ತಿಯ ಗೀತೆ. 1918ರಲ್ಲಿ ಚಕ್ರವರ್ತಿ ಹೋದ, ಸಾಮ್ರಾಜ್ಯ ಹೋಯಿತು. 1922ರಲ್ಲಿ ಅದೇ ಮಟ್ಟು, 1841ರಲ್ಲಿ ಹಾಫ್‌ಮನ್ ಬರೆದಿದ್ದ ಸಾಹಿತ್ಯದೊಂದಿಗೆ, ಜರ್ಮನಿಯ ರಾಷ್ಟ್ರಗೀತೆಯಾಯಿತು. ಹಿಟ್ಲರನ ಕಾಲಕ್ಕೂ ಅದೇ ನಡೆಯಿತು.

1942ರ ಸೆಪ್ಟೆಂಬರ್ 8ರಂದು ನಾಜಿಗಳು ಉಲ್ಮನ್‌ನನ್ನು ಪ್ರಾಗ್‌ನಿಂದ ತೆರೆಜಿನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ, 1943–44ರಲ್ಲಿ, ಪೀಟರ್ ಕೀನ್ ಎಂಬ ಸಹಕೈದಿ ತರುಣ ಬರೆದ ಸಾಹಿತ್ಯಕ್ಕೆ ಅಟ್ಲಾಂಟಿಸ್‌ನ ಚಕ್ರವರ್ತಿ ಎಂಬ ಪುಟ್ಟ ಸಂಗೀತ ನಾಟಕ ಕಟ್ಟಿದ. ಹದಿಮೂರು ವಾದ್ಯಗಾರರು ಸಾಕು. ಶಿಬಿರದಲ್ಲಿ ಸಿಕ್ಕವರೇ ಅಷ್ಟು, ಸಿಕ್ಕ ವಾದ್ಯಗಳೇ ಅವು. ಬ್ಯಾಂಜೊ ಇದೆ, ಸ್ಯಾಕ್ಸೊಫೋನ್ ಇದೆ, ನಮ್ಮ ಪೇಟಿಯ ಅಕ್ಕನಂಥ ಹಾರ್ಮೋನಿಯಂ ಇದೆ. ಕತೆ ಹೀಗೆ: ಚಕ್ರವರ್ತಿ ಎಲ್ಲರ ಮೇಲೂ ಎಲ್ಲರೂ ಯುದ್ಧ ಮಾಡಬೇಕೆಂದು ಸಾರುತ್ತಾನೆ. ಸಾವು ಎಂಬ ಹಳೇ ಕಾಲದ ಸಿಪಾಯಿಗೆ ಇದರಿಂದ ಅವಮಾನವಾಗುತ್ತದೆ. ಹಿಂದೆ ಜನ ತನಗಾಗಿ ಅಲಂಕರಿಸಿಕೊಂಡು ಬರುತ್ತಿದ್ದರು, ಈಗಿನ ಯಂತ್ರಗಳ ಹಿಂದೆ ಓಡುವುದು ತನ್ನಿಂದಾಗದು ಎಂದು ಅವನು ಮುಷ್ಕರ ಹೂಡುತ್ತಾನೆ. ಆಮೇಲೆ ಯಾರಿಗೂ ಸಾವೇ ಬರುವುದಿಲ್ಲ. ನೇಣಿಗೆ ಹಾಕಿದವನೂ ಸಾಯುವುದಿಲ್ಲ, ಗುಂಡು ತಿಂದವನೂ ಸಾಯುವುದಿಲ್ಲ.

ಯುದ್ಧ ಸಾರುವ ಆ ಘಳಿಗೆಯಲ್ಲಿ ನಗಾರಿ ಹೆಣ್ಣೊಬ್ಬಳು ಚಕ್ರವರ್ತಿಯ ಬಿರುದಾವಳಿ ಓದುತ್ತಾಳೆ. ಆಗ ಕೇಳುವುದು ಹೈಡನ್‌ನ ಮಟ್ಟು. ಆದರೆ ಏನೋ ಆಗಿದೆ ಅದಕ್ಕೆ. ಪಾಶ್ಚಾತ್ಯರು ಇದನ್ನು ಫ್ರಿಜಿಯನ್ ಶ್ರೇಣಿ ಎಂದು ವಿವರಿಸುತ್ತಾರೆ. ನಮಗೆ ಅಷ್ಟು ಸುತ್ತು ಬೇಡ. ಮೂಲ ಮಟ್ಟು ಶಂಕರಾಭರಣದ ಸ್ವರಗಳಲ್ಲಿದೆ, ಹಿಂದುಸ್ತಾನಿಯ ಬಿಲಾವಲ್. ಎಲ್ಲ ಶುದ್ಧ, ಎಲ್ಲ ಬೆಳಕು. ಉಲ್ಮನ್ ಅದನ್ನು ಹನುಮತೋಡಿಯ, ಎಂದರೆ ಭೈರವಿ ಥಾಟಿನ, ಸ್ವರಗಳಿಗೆ ಇಳಿಸಿದ್ದಾನೆ. ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ಶಂಕರಾಭರಣದ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ತೋಡಿ ಸಿಗುತ್ತದೆಂದು ಗ್ರಹಭೇದ ಕಲಿತ ಮಕ್ಕಳಿಗೂ ಗೊತ್ತು. ಹೊರಗಿನಿಂದ ಒಂದೂ ಸ್ವರ ತರಬೇಕಿಲ್ಲ, ನಿಲ್ಲುವ ಜಾಗ ಬದಲಿಸಿದರೆ ಸಾಕು. ಮೆರವಣಿಗೆಯ ಹಾಡು ಸ್ಮಶಾನದ್ದಾಗುತ್ತದೆ.

ಆ ಚಕ್ರವರ್ತಿಯ ಹೆಸರು ಓವರಾಲ್. ಜರ್ಮನ್ ರಾಷ್ಟ್ರಗೀತೆಯ ಊಬರ್ ಆಲೆಸ್ ಎಂಬ ಕುಖ್ಯಾತ ಸಾಲನ್ನು ನೆನಪಿಸುವ ಹೆಸರು ಅದು. 1944ರಲ್ಲಿ ತೆರೆಜಿನ್‌ನಲ್ಲಿ ತಾಲೀಮು ನಡೆದರೂ ನಾಟಕ ರಂಗಕ್ಕೆ ಬರಲಿಲ್ಲ. ಅಕ್ಟೋಬರ್ 16ರಂದು ಉಲ್ಮನ್‌ನನ್ನು ಆಶ್‌ವಿಟ್ಸ್‌ಗೆ ಕಳಿಸಿದರು. ಎರಡು ದಿನದೊಳಗೆ ಕೊಂದರು. ಕೀನ್ ಕೂಡ ಅಲ್ಲೇ ಸತ್ತ. ಹಸ್ತಪ್ರತಿ ಮಾತ್ರ ಉಳಿದು, 1975ರ ಡಿಸೆಂಬರ್ 16ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಉಲ್ಮನ್ ಕುಂಟಿಸಿದ್ದು ಶತ್ರುವಿನ ಹಾಡನ್ನಲ್ಲ. ಅದು ಅವನ ಹಾಡೇ ಆಗಿತ್ತು, ಕೈ ತಪ್ಪಿ ಹೋದದ್ದು. ಬೀಥೋವನ್‌ನ ಮಾಲ್‌ಬ್ರೂಕ್‌ಗೂ ಇದಕ್ಕೂ ಇರುವ ಅಂತರ ಅಷ್ಟೇ, ಮತ್ತು ಅದೇ ಎಲ್ಲ.

ಭಾವನಿಗೆ ಇವನ್ನೆಲ್ಲ ಒಂದು ರಾತ್ರಿ ಕೇಳಿಸಿದೆ. ಹೈಡನ್ ಹಚ್ಚಿದ ಕೂಡಲೇ ಗುರುತು ಹಿಡಿದರು: “ಇದು ಜರ್ಮನಿಯವರದಲ್ಲೇನೋ? ಫುಟ್‌ಬಾಲ್ ಮ್ಯಾಚಿನಾಗ ನಿಂತು ಹಾಡತಾರಲ್ಲ.” ಉಲ್ಮನ್‌ಗೆ ಬಂದಾಗ ಕತ್ತು ಇನ್ನಷ್ಟು ಓರೆಯಾಯಿತು. “ಅದ ಹಾಡು. ಆದರ ಹಾಡಾಂವಗ ಜ್ವರಾ ಬಂದಂಗೈತಿ.”

ಆಮೇಲೆ ಹೆಂಡ್ರಿಕ್ಸ್. ಇದು ಚೇಂಬರ್ ಸಂಗೀತವಲ್ಲ, ಗೊತ್ತು. ಆದರೆ ಈ ವಿಷಯ ಬರೆಯುವ ಯಾರೂ ಅವನನ್ನು ದಾಟಿ ಹೋಗಲಾರರು. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಎತ್ತಿಕೊಂಡ. ರಾಕೆಟ್ಟು, ಬಾಂಬಿನ ಮಾತು ಬರುವ ಜಾಗದಲ್ಲಿ ತಂತಿ ಕಿರುಚಿತು, ಶೆಲ್ ಇಳಿದು ಬಿದ್ದ ಸದ್ದು ಬಂತು. ನಡುವೆ ಸೈನಿಕನ ಅಂತ್ಯಸಂಸ್ಕಾರದಲ್ಲಿ ಊದುವ ಕಹಳೆಯ ಮಟ್ಟೂ ಹಾದುಹೋಯಿತು. ವಿಯೆಟ್ನಾಂ ಯುದ್ಧ ಕುದಿಯುತ್ತಿದ್ದ ಕಾಲ. ಹೆಂಡ್ರಿಕ್ಸ್ ಕೂಡ ಮಾಜಿ ಸಿಪಾಯಿ, 101ನೇ ಏರ್‌ಬೋರ್ನ್ ಡಿವಿಷನ್‌ನಲ್ಲಿದ್ದವನು. ಮುಂದೆ ಟಿ.ವಿ. ಸಂದರ್ಶನದಲ್ಲಿ ಈ ಬಗ್ಗೆ ಕೇಳಿದಾಗ ತನಗದು ಸುಂದರವೆಂದು ಕಂಡಿತು ಅಂದನೇ ಹೊರತು ಪ್ರತಿಭಟನೆ ಅನ್ನಲಿಲ್ಲ. ವಿಮರ್ಶಕರು ಇದರ ಮೇಲೆ ಇವತ್ತಿಗೂ ಜಗಳ ಕಾಯುತ್ತಾರೆ. ಜಗಳ ಬೇಕಿಲ್ಲ. ಸಿಪಾಯಿಯಾಗಿದ್ದವನಿಗೆ ಆ ಹಾಡು ತನ್ನದು, ಆ ಕಿರುಚಾಟವೂ ತನ್ನದು.

ಕಣ್ಣು ಮುಚ್ಚಿ ಕೇಳಿದ ಭಾವ ಹೇಳಿದ್ದು ಇಷ್ಟು: “ಛಲೋ ಮಾಡ್ಯಾನ. ಆದರ ಇದು ತೋಪಿನ ಹಿಂದ ನಿಂತಾಂವ ಕೇಳೂ ಸದ್ದಲ್ಲ ತಮ್ಮಾ. ಹಿಂದ ನಿಂತರ ಧಡ್ ಅನ್ನತೈತಿ, ಮುಗೀತು. ಈ ಕಿರುಚೂದೆಲ್ಲಾ ಮುಂದ ಇದ್ದಾಂವಗ.”

ಈ ವಿಷಯದ ಮೇಲೆ ನಾನು ಓದಿದ ಪುಟಗಳಲ್ಲೆಲ್ಲ ಇಷ್ಟು ನೆಟ್ಟಗಿನ ಮಾತು ಸಿಕ್ಕಿರಲಿಲ್ಲ. ಗೌರವದ 21 ತೋಪು ಹಾರುವಾಗ ನಾವೆಲ್ಲ ತೋಪಿನ ಹಿಂದೆ ನಿಂತು ರಾಷ್ಟ್ರಗೀತೆ ಕೇಳುತ್ತೇವೆ. ಉಲ್ಮನ್, ಹೆಂಡ್ರಿಕ್ಸ್ ಅದೇ ಗೀತೆಯನ್ನು ಹೊತ್ತುಕೊಂಡು ಹೋಗಿ ಮುಂದೆ ನಿಲ್ಲಿಸಿದರು.

ಅಮೆರಿಕದಲ್ಲಿ ಆ ಬಳಿಕ ಇದೊಂದು ಪರಂಪರೆಯೇ ಆಯಿತು. ಜಾರ್ಜ್ ಕ್ರಂಬ್ 1970ರ ಮಾರ್ಚ್ 13ರ ಶುಕ್ರವಾರ ಮುಗಿಸಿದ ಬ್ಲ್ಯಾಕ್ ಏಂಜಲ್ಸ್ ಎಂಬ ವಿದ್ಯುತ್ ಕ್ವಾರ್ಟೆಟ್‌ಗೆ ಯುದ್ಧಕಾಲದಲ್ಲಿ ಬರೆದದ್ದೆಂದು ಲ್ಯಾಟಿನ್‌ನಲ್ಲಿ ಟಿಪ್ಪಣಿ ಹಾಕಿದ. ಅದರಲ್ಲಿ ರಾಷ್ಟ್ರಗೀತೆ ಇಲ್ಲ; ಸತ್ತವರ ಪ್ರಾರ್ಥನೆ ಇದೆ, ಶೂಬರ್ಟ್ ಇದ್ದಾನೆ, ನೀರು ತುಂಬಿದ ಗಾಜಿನ ಲೋಟಗಳನ್ನು ಕಮಾನಿನಿಂದ ಉಜ್ಜುವುದಿದೆ. ರೇಡಿಯೊದಲ್ಲಿ ಅದನ್ನು ಕೇಳಿದ ಡೇವಿಡ್ ಹ್ಯಾರಿಂಗ್ಟನ್ 1973ರಲ್ಲಿ ಕ್ರೋನೋಸ್ ಕ್ವಾರ್ಟೆಟ್ ಕಟ್ಟಿದ, ಅದೇ ಕ್ರೋನೋಸ್ ಮುಂದೆ ಹೆಂಡ್ರಿಕ್ಸ್‌ನ ರಾಷ್ಟ್ರಗೀತೆಯನ್ನು ನಾಲ್ಕು ತಂತಿವಾದ್ಯಗಳಿಗೆ ಇಳಿಸಿಕೊಂಡು ನುಡಿಸಿತು. ಅಲ್ಲಿಂದೀಚೆ ರಾಷ್ಟ್ರಗೀತೆಗೆ ನಾಲ್ಕು ಅಪಸ್ವರ ಬೆರೆಸಿ ಯುದ್ಧವಿರೋಧಿ ಎಂದು ಹಣೆಪಟ್ಟಿ ಹಚ್ಚುವ ಕೃತಿಗಳಿಗೆ ಬರಗಾಲವಿಲ್ಲ. ಹತ್ತರಲ್ಲಿ ಒಂಬತ್ತು ಬೇಸರ ತರಿಸುತ್ತವೆ, ಅಪಸ್ವರ ಅಗ್ಗ. ಅದಕ್ಕಿಂತ ಉಕ್ರೇನಿನ ವ್ಯಾಲೆಂಟಿನ್ ಸಿಲ್ವೆಸ್ಟ್ರೋವ್ ಲೇಸು. 2014ರ ಮೈದಾನ್ ಕೃತಿಯಲ್ಲಿ ತನ್ನ ದೇಶದ ರಾಷ್ಟ್ರಗೀತೆಯ ಮಾತುಗಳಿಗೆ ಬೇರೆ ಬೇರೆ ಮಟ್ಟು ಹಾಕಿ, ವಾದ್ಯವಿಲ್ಲದ ಮೇಳದಲ್ಲಿ, ಪಿಸುಮಾತಿನ ಹತ್ತಿರಕ್ಕೆ ತಂದು ಹಾಡಿಸಿದ. 2022ರ ಮಾರ್ಚಿನಲ್ಲಿ, 84ರ ಪ್ರಾಯದಲ್ಲಿ, ಅದೇ ಮನುಷ್ಯ ಕೀವ್ ಬಿಟ್ಟು ಬರ್ಲಿನ್‌ಗೆ ಹೋಗಬೇಕಾಯಿತು.

ಕಾನೂನಿನ ಕಾಟ ಎಲ್ಲ ಕಡೆಯೂ ಇದೆ. ಸ್ಟ್ರಾವಿನ್‌ಸ್ಕಿ 1941ರಲ್ಲಿ ಅಮೆರಿಕದ ಗೀತೆಗೆ ತನ್ನದೇ ಸ್ವರಮೇಳ ಹಾಕಿದ, ಭಕ್ತಿಯಿಂದಲೇ. 1944ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಅದನ್ನು ನುಡಿಸಿದಾಗ ಪೊಲೀಸರು ಬಂದು ಎಚ್ಚರಿಸಿದರು. ಬಂಧಿಸಿದರೆಂಬುದು ಕಟ್ಟುಕತೆ.

ನಮ್ಮ ಕಡೆ ಏನಾಯಿತು? ಮೊದಲು ಒಂದು ತಾರೀಖು. 1942ರ ಸೆಪ್ಟೆಂಬರ್ 11ರಂದು ಹ್ಯಾಂಬರ್ಗ್‌ನಲ್ಲಿ, ಸುಭಾಷಚಂದ್ರ ಬೋಸರು ಪಾಲ್ಗೊಂಡ ಇಂಡೋ–ಜರ್ಮನ್ ಸಂಘದ ಉದ್ಘಾಟನೆಯಲ್ಲಿ, ಜರ್ಮನ್ ವಾದ್ಯವೃಂದ ಜನಗಣಮನ ನುಡಿಸಿತು. ರಾಷ್ಟ್ರಗೀತೆಯಾಗಿ ಅದು ಹೊರದೇಶದಲ್ಲಿ ಮೊಳಗಿದ್ದು ಅಲ್ಲಿಯೇ ಮೊದಲು. ಉಲ್ಮನ್‌ನನ್ನು ತೆರೆಜಿನ್‌ಗೆ ತಳ್ಳಿ ಆಗ ಮೂರು ದಿನವಾಗಿತ್ತು. ಒಂದು ಹಾಡು ರಾಷ್ಟ್ರಗೀತೆಯಾಗಿ ಕಣ್ಣು ಬಿಡುತ್ತಿದ್ದ ವಾರದಲ್ಲೇ ಇನ್ನೊಂದರ ಹೆಣ ಹೊರುವವನು ಶಿಬಿರ ಸೇರಿದ್ದ. ಮರುವರ್ಷ ಸಿಂಗಾಪುರದಲ್ಲಿ ಆಜಾದ್ ಹಿಂದ್ ಸರ್ಕಾರ ರವೀಂದ್ರರ ಅದೇ ಮಟ್ಟಿಗೆ ಹಿಂದುಸ್ತಾನಿ ಮಾತು ಕೂಡಿಸಿ ತನ್ನ ಗೀತೆ ಮಾಡಿಕೊಂಡಿತು, ಕ್ಯಾಪ್ಟನ್ ರಾಮ್ ಸಿಂಗ್ ಠಾಕುರಿ ಬ್ಯಾಂಡಿಗೆ ಹೊಂದಿಸಿದರು. 1944ರಲ್ಲಿ ಇಂಫಾಲದ ಗುಡ್ಡಗಳಲ್ಲಿ ಆ ಹಾಡಿನ ಸೈನಿಕರೂ ಬ್ರಿಟಿಷ್ ಅರಸನ ಹಾಡಿನ ಸೈನಿಕರೂ ಎದುರುಬದುರಾದರು. ಎರಡೂ ಕಡೆ ಭಾರತೀಯರು. ಈ ಸಂಗತಿಯನ್ನು ಸಂಗೀತವಾಗಿಸಿದ ಭಾರತೀಯ ಕೃತಿ ಒಂದಾದರೂ ನನ್ನ ಕಿವಿಗೆ ಬಿದ್ದಿಲ್ಲ.

ಆ ಯುದ್ಧದ ಕಾಲದಲ್ಲಿ ದೇವಳಾಲಿಯೂ ಕಿಕ್ಕಿರಿದಿತ್ತು. ಹತ್ತೊಂಬತ್ತನೇ ಶತಮಾನದಿಂದಲೂ ಇದು ಬ್ರಿಟಿಷ್ ಸಿಪಾಯಿಗಳು ಹಡಗಿಗಾಗಿ ಕಾದು ಕೂರುತ್ತಿದ್ದ ಶಿಬಿರ. ಸೇವಾವಧಿ ಮುಗಿದಿದೆ, ಮುಂಬಯಿಯ ಹಡಗು ಬಂದಿಲ್ಲ, ಮಾಡಲು ಕೆಲಸವಿಲ್ಲ, ಬಿಸಿಲು, ಮಲೇರಿಯ. ತಲೆ ಕೆಟ್ಟವನಿಗೆ ಇಂಗ್ಲಿಷಿನಲ್ಲಿ ಡೂಲಾಲಿ ಅನ್ನುವುದು ಈ ಊರ ಹೆಸರಿನಿಂದಲೇ. ಮೊದಮೊದಲು ಅದಕ್ಕೆ ತಾಪ ಎಂಬ ನಮ್ಮ ಮಾತೂ ಬಾಲಂಗೋಚಿಯಾಗಿತ್ತು. ಬಿ.ಬಿ.ಸಿ. 1974ರಿಂದ 1981ರವರೆಗೆ ಓಡಿಸಿದ ಹಾಸ್ಯ ಧಾರಾವಾಹಿಯೊಂದು ಇಲ್ಲಿನ ತೋಪಖಾನೆಯ ಹಾಡುಕುಣಿತದ ತಂಡದ ಕತೆಯಿಂದಲೇ ಶುರುವಾಗುತ್ತದೆ. ರಾಷ್ಟ್ರಗೀತೆಗಳಲ್ಲಿ ಹೋಗುವವರ ಮಾತಿರುತ್ತದೆ, ಗೆಲ್ಲುವವರ ಮಾತಿರುತ್ತದೆ. ಕಾಯುತ್ತ ಹುಚ್ಚರಾದವರ ಮಾತು ಒಂದರಲ್ಲೂ ಇಲ್ಲ.

ಇಲ್ಲಿಂದ ಕೆಲವೇ ಗಂಟೆಯ ದಾರಿಯ ಮುಂಬಯಿಯಲ್ಲಿ ಆ ದಿನಗಳಲ್ಲಿ ಚೇಂಬರ್ ಸಂಗೀತ ನಡೆಯುತ್ತಿತ್ತು. ಹಿಟ್ಲರನ ನೆರಳಿನಿಂದ ತಪ್ಪಿಸಿಕೊಂಡು 1934ರಲ್ಲಿ ಬಂದಿಳಿದ ವಾಲ್ಟರ್ ಕೌಫ್‌ಮನ್ ಅಲ್ಲಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದರು; ಜೊತೆಗೆ ಪಿಟೀಲು ಹಿಡಿದವರು ಮೆಹಲಿ ಮೆಹ್ತಾ. ಆಕಾಶವಾಣಿಯ ಬೆಳಗಿನ ಧ್ವನಿಮುದ್ರೆ, ತಂಬೂರಿಯ ಮೇಲೆ ತೇಲುವ ಆ ಶಿವರಂಜಿನಿಯ ಎಳೆ, ಕೌಫ್‌ಮನ್ನರದೇ. ಒಬ್ಬ ನಿರಾಶ್ರಿತ ಕಟ್ಟಿದ ಆ ತುಣುಕಿಗೆ ಮೂರು ತಲೆಮಾರು ಎಚ್ಚರಗೊಂಡಿತು. ಅದಕ್ಕೆ ಯಾರೂ ಎದ್ದು ನಿಲ್ಲಬೇಕಾಗಿರಲಿಲ್ಲ.

ನಮ್ಮ ಮೈಸೂರಿಗೂ ಈ ಕತೆಯಲ್ಲೊಂದು ಬಾಗಿಲಿದೆ. ಬಸವಪ್ಪ ಶಾಸ್ತ್ರಿಗಳ ಕಾಯೌ ಶ್ರೀ ಗೌರಿ ಸಂಸ್ಥಾನದ ಗೀತೆಯಾಗಿ ಅರಮನೆ ಬ್ಯಾಂಡಿನಲ್ಲಿ ಮೊಳಗುತ್ತಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿಗೆ ಊರಲ್ಲೊಂದು ಗೀತೆ, ರಣರಂಗದಲ್ಲಿ ಇನ್ನೊಂದು. ಮುಂದೆ ಜಯಚಾಮರಾಜ ಒಡೆಯರು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನಕ್ಕೆ, 1950ರ ಮೇ 22ರಂದು ಲಂಡನ್ನಿನಲ್ಲಿ, ಹಣದ ಬೆಂಬಲ ಕೊಟ್ಟರು. ಅದೇ ಸ್ಟ್ರಾಸ್ 1945ರಲ್ಲಿ, ಜರ್ಮನಿ ಬೂದಿಯಾಗುತ್ತಿದ್ದಾಗ, 23 ತಂತಿವಾದ್ಯಗಳಿಗೆ ಒಂದು ಶೋಕಗೀತೆ ಬರೆದ. ಕೊನೆಗೆ ಅದರ ಬುಡದಲ್ಲಿ ತೇಲಿಬರುವುದು ರಾಷ್ಟ್ರಗೀತೆಯಲ್ಲ, ಬೀಥೋವನ್‌ನ ಶವಯಾತ್ರೆಯ ನಡೆ. ನಾಜಿಗಳ ಕಾಲದಲ್ಲಿ ಹುದ್ದೆ ಹಿಡಿದಿದ್ದವನಿಗೆ ರಾಷ್ಟ್ರಗೀತೆಯನ್ನು ಮುಟ್ಟುವ ಮುಖ ಉಳಿದಿರಲಿಲ್ಲವೇನೋ.

ಇನ್ನು ಜನಗಣಮನ. 1911ರ ಡಿಸೆಂಬರ್ 27ರಂದು ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಮೊದಲು ಹಾಡಿದ್ದು. ಐದು ನುಡಿಗಳಿವೆ, 1950ರ ಜನವರಿ 24ರಂದು ನಾವು ಒಪ್ಪಿಕೊಂಡದ್ದು ಮೊದಲನೆಯದನ್ನು ಮಾತ್ರ. ಉಳಿದವುಗಳಲ್ಲಿ ಕಾರಿರುಳಿದೆ, ಮೂರ್ಛೆ ಹೋದ ನಾಡಿದೆ, ಭಯದ ನಡುವೆ ಮಗುವನ್ನು ಮಡಿಲಲ್ಲಿಟ್ಟು ಕಾಯುವ ತಾಯಿ ಇದ್ದಾಳೆ. ಬರೆದ ರವೀಂದ್ರರೇ ಮೊದಲ ಮಹಾಯುದ್ಧದ ನಡುವೆ ಜಪಾನಿನಲ್ಲೂ ಅಮೆರಿಕದಲ್ಲೂ ರಾಷ್ಟ್ರೀಯತೆಯ ವಿರುದ್ಧ ಭಾಷಣ ಮಾಡಿ ಬೈಸಿಕೊಂಡು ಬಂದವರು. ಎಂದರೆ ಈ ಗೀತೆಗೆ ಬೇಕಾದ ವ್ಯಾಖ್ಯಾನ ಅದರ ಒಡಲಲ್ಲೇ ಇದೆ. ನಾವು ಅದನ್ನು ಹಾಡುವುದಿಲ್ಲ, ಅಷ್ಟೆ. ಸಂವಿಧಾನ ಸಭೆಯಲ್ಲಿ ನೆಹರೂ 1948ರ ಆಗಸ್ಟ್ 25ರಂದು ಈ ಬಗ್ಗೆ ಮಾತಾಡಿದಾಗ ಒತ್ತು ಬಿದ್ದದ್ದು ಮಟ್ಟಿನ ಮೇಲೆ: ಬ್ಯಾಂಡಿಗೆ, ವಾದ್ಯವೃಂದಕ್ಕೆ ಯಾವುದು ಹೊಂದುತ್ತದೆ ಎಂಬುದರ ಮೇಲೆ. ವಂದೇ ಮಾತರಂ ಕೂಡ ಬ್ಯಾಂಡಿಗೆ ಕೂರುತ್ತದೆಂದು ತೋರಿಸಲು ಪುಣೆಯ ಮಾಸ್ಟರ್ ಕೃಷ್ಣರಾವ್ ದಿಲ್ಲಿಯವರೆಗೆ ಹೋಗಿ ಹೆಣಗಿದರು. ಕೊನೆಗೆ ಜನಗಣಮನಕ್ಕೆ ಇಂಗ್ಲೆಂಡಿನ ಹರ್ಬರ್ಟ್ ಮರಿಲ್ ಹಾಕಿದ ಸ್ವರಮೇಳ ನಿಂತಿತು. ತಂಬೂರಿಗೆ ಹೊಂದುವುದು ಯಾವುದೆಂದು ಆಗ ಯಾರೂ ಕೇಳಿದಂತಿಲ್ಲ.

ರಾಷ್ಟ್ರಗೌರವಕ್ಕೆ ಅವಮಾನವಾಗುವುದನ್ನು ತಡೆಯುವ 1971ರ ಕಾಯ್ದೆ ಓದಿದರೆ ಅಚ್ಚರಿಯಾಗುತ್ತದೆ. ಅದರ ಮೂರನೇ ಕಲಮು ಶಿಕ್ಷೆ ವಿಧಿಸುವುದು ಹಾಡುವುದನ್ನು ಬೇಕೆಂದೇ ತಡೆದವರಿಗೆ, ಹಾಡುವ ಸಭೆಗೆ ಅಡ್ಡಿ ಮಾಡಿದವರಿಗೆ, ಮೂರು ವರ್ಷದವರೆಗೆ. ರಾಗ ಬದಲಿಸಿದವರ ಮಾತು ಅಲ್ಲಿಲ್ಲ. 2016ರ ನವೆಂಬರ್ 30ರ ಸುಪ್ರೀಂ ಕೋರ್ಟ್ ಆದೇಶ ಗೀತೆಯನ್ನು ನಾಟಕೀಯಗೊಳಿಸಬಾರದೆಂದಿತು. ಚಿತ್ರಮಂದಿರಗಳಲ್ಲಿ ಗೀತೆ ನುಡಿಸಲೇಬೇಕೆಂದು ಆ ಆದೇಶ ಹೇರಿದ್ದ ಕಡ್ಡಾಯವನ್ನು 2018ರ ಜನವರಿಯಲ್ಲಿ ಅದೇ ಕೋರ್ಟು ಸಡಿಲಿಸಿತು. ಆದರೆ ನಮ್ಮನ್ನು ತಡೆದಿರುವುದು ಕಾನೂನಲ್ಲ. ನಾಡಗೀತೆಗೆ ಅನಂತಸ್ವಾಮಿಯವರ ಮಟ್ಟೋ ಅಶ್ವತ್ಥರ ಮಟ್ಟೋ ಎಂದು ಹೈಕೋರ್ಟ್ ಮೆಟ್ಟಿಲು ಹತ್ತಿದವರು ನಾವು. ಹಾಡಿನ ಬಗ್ಗೆ ನಮ್ಮ ಜಗಳ ಯಾವಾಗಲೂ ಯಾವುದು ಸರಿ ಎಂಬುದು, ಅದು ಇನ್ನೇನು ಹೇಳಬಲ್ಲದು ಎಂಬುದಲ್ಲ. 2000ದಲ್ಲಿ ಎ.ಆರ್. ರೆಹಮಾನ್ ಹೊರತಂದ ಜನಗಣಮನ ಈ ದಿಕ್ಕಿನಲ್ಲಿ ಅರ್ಧ ಹೆಜ್ಜೆ. ನಮ್ಮ ಗದಗಿನ ಭೀಮಸೇನ ಜೋಶಿ ಬ್ಯಾಂಡಿನ ಹಂಗಿಲ್ಲದೆ ಒಂದು ಸಾಲು ಎತ್ತುತ್ತಾರೆ, ವಾದ್ಯದ ಆವೃತ್ತಿಯಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಬರುತ್ತದೆ. ಹಿಂದಿನ ಬೇಸಿಗೆಯಷ್ಟೇ ಕಾರ್ಗಿಲ್ ಆಗಿತ್ತು. ಕೇಳಿದವರ ಕಣ್ಣು ಒದ್ದೆಯಾಗಿದ್ದರೆ ಅದು ಗೀತೆಯೊಂದರಿಂದಲೇ ಅಲ್ಲ.

ಇಂಥದ್ದನ್ನು ಮಾಡುವ ಎದೆಗಾರಿಕೆ ನಮ್ಮಲ್ಲಿ ಇರಲಿಲ್ಲವೆಂದು ಮಾತ್ರ ಹೇಳಬೇಡಿ. ರನ್ನ ತನ್ನ ಅರಸನನ್ನು ಭೀಮನೊಂದಿಗೆ ಸಮೀಕರಿಸಿ ಗೆಲುವಿನ ಕಾವ್ಯ ಬರೆಯಲು ಹೊರಟ. ಹೆಸರೇ ಸಾಹಸಭೀಮ ವಿಜಯ. ಆಸ್ಥಾನದ ರಾಷ್ಟ್ರಗೀತೆ ಅನ್ನಿ. ಆದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, ಒಬ್ಬೊಬ್ಬ ಸತ್ತವನ ಎದುರೂ ನಿಂತು ಅಳುವ ದುರ್ಯೋಧನ. ರನ್ನ ಅರಸನ ಹೆಸರನ್ನು ಅಳಿಸಲಿಲ್ಲ, ಮಟ್ಟನ್ನು ಮುರಿಯಲೂ ಇಲ್ಲ. ನಿಲ್ಲುವ ಜಾಗ ಬದಲಿಸಿದ. ಗ್ರಹಭೇದ.

ಭಾವನಿಗೆ ಅವನ್ನೆಲ್ಲ ಕೇಳಿಸಿದ ಮರುದಿನ ಮಧ್ಯಾಹ್ನ ಅಕ್ಕನ ಮನೆಯ ಪೇಟಿ ತೆಗೆದು ಕೂತೆ. ಜನಗಣಮನದ್ದೂ ಬಿಲಾವಲಿನ ಚಲನೆಯೇ. ಬೆರಳು ಗಾಂಧಾರಕ್ಕೆ ಸರಿಸಿ, ಅದನ್ನೇ ಷಡ್ಜ ಮಾಡಿ, ನಿಧಾನಕ್ಕೆ ಮೊದಲ ಸಾಲು ಒತ್ತಿದೆ. ಎದೆ ಧಸಕ್ಕೆಂದಿತು. ಶಾಲೆಯ ಅಂಗಳದಲ್ಲಿ ಸಾವಿರ ಸಲ ಹಾಡಿದ್ದು, ಯಾರದೋ ಮನೆ ಬಾಗಿಲಲ್ಲಿ ನಿಂತು ಟೆಲಿಗ್ರಾಂ ಓದಿದ ಹಾಗೆ ಕೇಳಿಸಿತು. ಎರಡನೇ ಸಾಲಿಗೆ ಅಡಿಗೆಮನೆಯಿಂದ ಅಕ್ಕ ಬಂದಳು.

“ಏ, ಬ್ಯಾಡೋ ತಮ್ಮಾ. ಆಜೂಬಾಜೂ ಮಂದಿ ಕೇಳತಾರ.”

ಪೇಟಿ ಮುಚ್ಚಿದೆ. ಭಾವ ಏನೂ ಅನ್ನಲಿಲ್ಲ. ಹೊರಗೆ ಫೈರಿಂಗ್ ಶುರುವಾಗಿತ್ತು, ಕಪಾಟಿನಲ್ಲಿ ಪೇಪರು ಹಾಕದ ಯಾವುದೋ ಒಂದು ಲೋಟ ಮಾತ್ರ ಸಣ್ಣಗೆ ಅನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕತ್ತು ಓರೆ ಮಾಡಿ ಕೇಳಿದರು: “ನಿನ್ನಿ ಹಚ್ಚಿದ್ದೆಲ್ಲ, ಆ ಮುದುಕಂದು. ಅದರಾಗ ಎರಡನೇ ಸುತ್ತು ಹಚ್ಚು, ದಪ್ಪ ಪಿಟೀಲಿಂದು. ಉಳದದ್ದು ನನಗ ಅಷ್ಟು ಕೇಳಸೂದಿಲ್ಲ.”